ಡ್ರಮ್ಮಿನ ಮುಚ್ಚಳ

ಜೋಳದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಹಾಕಿ ಕಾಯುವವನಿಗೆ ತಾಳ್ಮೆ ಸಿದ್ಧಿಸಿರಬೇಕೆಂದು ನೀವು ಭಾವಿಸುವುದಾದರೆ, ಮಾನ್ಯರೇ, ನನ್ನನ್ನು ನೀವು ನೋಡಿಲ್ಲ. ನನ್ನ ಹಿಂದೆಯೇ ದವಡೆ ಹಲ್ಲುಗಳೂ ನಿವೃತ್ತಿ ಪಡೆದಂದಿನಿಂದ, ರೊಟ್ಟಿ ನೆಂದಿತೋ ಇಲ್ಲವೋ ಎಂದು ನಿಮಿಷಕ್ಕೊಮ್ಮೆ ಬೆರಳಿನಿಂದ ಒತ್ತಿ ನೋಡುವುದೇ ಈ ಮಾಜಿ ಮೇಷ್ಟರ ನಿತ್ಯಕರ್ಮ.

ಹಲ್ಲು ಸವೆದ ಇನ್ನೊಂದು ಜೀವ ನಮ್ಮ ಮನೆಯಲ್ಲಿದೆ: ಗಂಗೆ ಎಂಬ ಮುದಿ ಹಸು. ಕಣೇಕಲ್ಲಿನ ಗದ್ದೆಗಳಿಂದ ತಂದ ಭತ್ತದ ಹುಲ್ಲನ್ನು ಅವಳು ಮೂಸಿ, ಮುಖ ತಿರುಗಿಸಿ, ದಿನೇದಿನೇ ಬಡಕಲಾಗುತ್ತಿದ್ದಳು. "ಹಸಗೊಂಡು ಸಾಯೋದು ನೋಡಾಕ ನನ್ನ ಕೈಲಿ ಆಗಂಗಿಲ್ರಿ. ತಿನ್ನಲಿಲ್ಲಂದ್ರ ಸಂತಿ ದಲ್ಲಾಳಿನ್ನ ಕರೀರಿ" ಎಂದಳು ಹೆಂಡತಿ ಬಸಮ್ಮ. ಹೇಳುವಾಗ ಅವಳ ಕಣ್ಣು ತುಂಬಿತ್ತು. ನಾನು ದಲ್ಲಾಳಿಯ ಬದಲು ದನದ ದವಾಖಾನೆಯ ದಾರಿ ಹಿಡಿದೆ.

ಪಶುವೈದ್ಯರು ಉಪಾಯ ಹೇಳಿದರು. ಕತ್ತರಿಸಿದ ಹುಲ್ಲಿಗೆ ಬೆಲ್ಲದ ನೀರಿನಲ್ಲಿ ಕದಡಿದ ಸೂಕ್ಷ್ಮಜೀವಿಗಳ ಪುಡಿಯನ್ನು ಚಿಮುಕಿಸಿ, ಡ್ರಮ್ಮಿನಲ್ಲಿ ತುಳಿದು ತುಂಬಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಡಬೇಕು; ಕಣ್ಣಿಗೆ ಕಾಣದ ಆ ಬಾಣಸಿಗರು ಹುಲ್ಲನ್ನು ಹುಳಿಬರಿಸಿ ಮೆತ್ತಗಾಗಿಸುತ್ತಾರೆ. "ಮುಚ್ಚಳ ಮಾತ್ರ ತೆಗೀಬ್ಯಾಡ್ರಿ ಮೇಷ್ಟ್ರೇ" ಎಂದು ಎರಡು ಸಲ ಎಚ್ಚರಿಸಿದರು.

ಆದರೆ ಕೊಟ್ಟಿಗೆಯ ಸಕಲ ಚರಾಚರಕ್ಕೂ ಸೋಮವಾರ ಧೂಪವಾಗಬೇಕೆಂಬುದು ಬಸಮ್ಮನ ಸಂವಿಧಾನ. ಮುಚ್ಚಿದ ಡ್ರಮ್ಮಿಗೆ ಧೂಪ ಮುಟ್ಟುವುದೆಂತು? ಅವಳು ಮುಚ್ಚಳ ತೆಗೆದು, ಹೊಗೆ ತೋರಿಸಿ, ವಿಭೂತಿ ಉದುರಿಸಿ, ಭಕ್ತಿಯಿಂದ ಮತ್ತೆ ಮುಚ್ಚಿದಳು. ಅದೂ ಮೂರೂ ಸೋಮವಾರ. ಮೂರು ವಾರದ ಮೇಲೆ ಒಳಗೆ ಕಂಡದ್ದು ಬರೀ ಕರಿ ಬೂಷ್ಟು. ನಾನು ಗಾಳಿಯ ಕುರಿತು ಉಪನ್ಯಾಸ ಆರಂಭಿಸಿದೆ.

"ನಾನು ವಾರಕ್ಕೊಮ್ಮೆ ತೆಗದೀನ್ರಿ. ನೀವು ದಿನಾ ಬೆಳಿಗ್ಗೆ ತೆಗದು ಮೂಸಿದ್ದು ನಾ ನೋಡಿಲ್ಲೇನು?"

ಉಪನ್ಯಾಸ ಅಲ್ಲಿಗೇ ಮುಕ್ತಾಯವಾಯಿತು. ಕಾಣದ ದೇವರನ್ನು ಜೀವಮಾನವಿಡೀ ನಂಬುವ ನಾವು, ಕಾಣದ ಈ ಬಡಜೀವಿಗಳನ್ನು ಮೂರು ವಾರ ನಂಬಲಾರದೆ ಹೋದೆವಲ್ಲ!

ಎರಡನೆಯ ಡ್ರಮ್ಮಿಗೆ ಬಸಮ್ಮ ಹೊರಗಿನಿಂದಲೇ ಮೂರು ಬೆರಳ ವಿಭೂತಿ ಬಳಿದು ಕೈಮುಗಿದಳು. ನಾನು ನೆರೆಯವರಿಂದ ಬೀಸುಕಲ್ಲನ್ನು ಮುಚ್ಚಳದ ಮೇಲೆ ಹೇರಿಸಿದೆ, ಅದನ್ನೆತ್ತಲಾರದ ನನ್ನ ಸೊಂಟವನ್ನು ನಂಬಿ. ತೆರೆದ ದಿನ ಹುಳಿಬೆರೆತ ಸಿಹಿ ಘಮ ಬಂತು. ಗಂಗೆ ಮೂಸಿ ಸುಮ್ಮನೆ ನಿಂತಳು. ಆಮೇಲೆ ಬಾಯಿ ಹಾಕಿದವಳು ಬುಟ್ಟಿಯ ತಳ ಕಾಣುವವರೆಗೂ ತಲೆಯೆತ್ತಲಿಲ್ಲ. ಬಸಮ್ಮ ಅವಳ ಕೊರಳು ತಬ್ಬಿ ಅತ್ತೇಬಿಟ್ಟಳು. ದಲ್ಲಾಳಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಅಂದು ಮಧ್ಯಾಹ್ನ ನನ್ನ ರೊಟ್ಟಿಯ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ, "ನೆನಿಯಾಕತ್ತೈತಿ. ನಾ ಹೇಳೋತನ ತೆಗೀಬ್ಯಾಡ್ರಿ" ಎಂದಳು.

ದೇವರಾಣೆಗೂ ತೆಗೆಯಲಿಲ್ಲ. ಅಂಚಿನಲ್ಲಿ ಒಂದಿಷ್ಟು ಮೂಸಿದೆ, ಅಷ್ಟೆ.