ಕಲ್ಲಿನ ಡ್ಯೂಟಿ

ಅವಳು ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್. ಹತ್ತೊಂಬತ್ತು ವರ್ಷದ ಸರ್ವಿಸ್. ಆದರೆ ಬೀದಿಯವರಿಗೆ ಅವಳು ಗಂಡನ ಕಾರಿಗೆ ಕಲ್ಲಿಡುವವಳು, ಅಷ್ಟೆ.

ಮನೆಯ ಗೇಟು ಏರುರಸ್ತೆಯ ನಟ್ಟನಡುವೆ. ಕಾರಿನ ಹ್ಯಾಂಡ್‌ಬ್ರೇಕ್ ಹೆಸರಿಗೆ ಮಾತ್ರ. ಎಷ್ಟು ಜಗ್ಗಿ ಎಳೆದರೂ ಗಾಡಿ ಹಿಂದಕ್ಕೆ ಜಾರುತ್ತಿತ್ತು. ಹಾಗಾಗಿ ಕಾರು ಗೇಟಿನ ಮುಂದೆ ನಿಂತದ್ದೇ ತಡ, ಅವಳು ಕೆಳಗಿಳಿದು ಹಿಂದಿನ ಚಕ್ರಕ್ಕೆ ಕಲ್ಲು ಒತ್ತುಕೊಟ್ಟು "ಆಯ್ತು ರೀ" ಅನ್ನಬೇಕು. ಆಮೇಲೆ ಗಂಡ ಬ್ರೇಕ್ ಪೆಡಲ್ ಮೇಲಿಂದ ಕಾಲೆತ್ತುತ್ತಿದ್ದ. ಹೀಗೇ ಒಂಬತ್ತು ವರ್ಷ. ಎದುರುಮನೆಯ ನಿವೃತ್ತ ಬಸ್ ಕಂಡಕ್ಟರ್ ಕಂಡಾಗಲೆಲ್ಲ ಕೇಳುತ್ತಿದ್ದರು: "ಏನಮ್ಮಾ, ಕಲ್ಲಿನ ಡ್ಯೂಟಿ ಮುಗೀತಾ?"

ಗಂಡ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿದು ಗಾಡಿ ಎತ್ತುವುದು ಹೇಗೆಂದು ಊರಿಗೆಲ್ಲ ಪಾಠ ಹೇಳುವವನು. ಸ್ವಂತ ಕಾರಿನ ಮಾತು ಬಂದರೆ, "ಮುಂದಿನ ವಾರ ನೋಡೋಣ ಬಿಡು" ಅನ್ನುತ್ತಿದ್ದ. ಲ್ಯಾಬಿನ ಕೆಟ್ಟ ತಕ್ಕಡಿ, ಮೀಟರುಗಳನ್ನೆಲ್ಲ ಬಿಚ್ಚಿ ಸರಿಮಾಡುವ ಅವಳು ಒಮ್ಮೆ "ನಾನೇ ಬಿಚ್ಚಿ ನೋಡ್ಲಾ?" ಎಂದಾಗ ನಕ್ಕುಬಿಟ್ಟಿದ್ದ. "ಬ್ರೇಕ್ ಅಂದ್ರೆ ಪ್ರಾಣದ ವಿಷಯ ಕಣೇ. ನಿನ್ನ ತಕ್ಕಡಿ ಅಂದ್ಕೊಂಡ್ಯಾ?"

ಒಂದು ದಿನ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ಅವಳು ಅಲ್ಲಿದ್ದಳು. ಗಂಡ ತಾಯಿಯನ್ನು ಕಣ್ಣಿನ ಡಾಕ್ಟರ ಹತ್ತಿರ ತೋರಿಸಿಕೊಂಡು ಬಂದವನು ಏರಿನಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸದೆ, ಹ್ಯಾಂಡ್‌ಬ್ರೇಕ್ ಎಳೆದು ಗೇಟು ತೆಗೆಯಲು ಇಳಿದ. ಮುದುಕಿಯೂ ಇಳಿಯಲು ಒಂದು ಕಾಲು ಹೊರಗಿಟ್ಟಿದ್ದರು. ಕಾರು ಜಾರಿತು. ತೆರೆದ ಬಾಗಿಲು ಬಡಿದು ಅವರು ಬಿದ್ದರು. ಮುಂದಿನ ಚಕ್ರ ಪಾದದ ಮೇಲೆ ಹಾದುಹೋಯಿತು. ಮೂರು ಮೂಳೆ ಮುರಿದಿದ್ದವು.

ಅವಳು ಬಿದ್ದಂಬೀಳ ಆಸ್ಪತ್ರೆಗೆ ಓಡಿ ಬಂದಾಗ ನಾದಿನಿ ಮೊದಲು ಕೇಳಿದ್ದು, "ನೀವೆಲ್ಲಿ ಹೋಗಿದ್ರಿ ಅತ್ತಿಗೆ?"

"ಕಾಲೇಜಿಗೆ."

"ಇವತ್ತೊಂದು ದಿನ ಮನೇಲಿ ಇರಬಾರ್ದಿತ್ತಾ?"

ಗಂಡ ಗೋಡೆ ನೋಡುತ್ತ ನಿಂತಿದ್ದ. ಹ್ಯಾಂಡ್‌ಬ್ರೇಕ್ ಸರಿ ಮಾಡಿಸದೆ ಇದ್ದದ್ದು ತಾನೇ ಎಂದು ಅವನು ಹೇಳಲಿಲ್ಲ. ನೋಡಲು ಬಂದವರಿಗೆಲ್ಲ ಅತ್ತೆ ಅದನ್ನೇ ಹೇಳಿದರು: "ಸೊಸೆ ಇರ್ಲಿಲ್ಲ. ಕಲ್ಲಿಡೋರು ಯಾರೂ ಇರ್ಲಿಲ್ಲ." ಅವನು ತಲೆಯಾಡಿಸಿದ.

ಶನಿವಾರ ಬೆಳಿಗ್ಗೆ ಗಂಡ ಆಸ್ಪತ್ರೆಗೆ ಹೋದ ಮೇಲೆ ಅವಳು ಅಂಗಳದಲ್ಲಿ ಕಾರಿನ ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಇಟ್ಟಿಗೆ ಕೊಟ್ಟಳು. ಹಿಂದಿನ ಚಕ್ರದ ನಟ್ಟು ಸಡಿಲಿಸಿ, ಜಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಕೊಟ್ಟು ಚಕ್ರ ಕಳಚಿದಳು. ತುಕ್ಕು ಹಿಡಿದ ಬ್ರೇಕಿನ ಡ್ರಮ್ಮು ಜಪ್ಪಯ್ಯ ಅಂದರೂ ಬರಲೊಲ್ಲದು. ಸುತ್ತ ಸುತ್ತಿಗೆಯಿಂದ ತಟ್ಟಿ ತಟ್ಟಿ, ಒಂದು ತಾಸಿನ ಮೇಲೆ ಕೈಗೆ ಬಂತು. ಒಳಗೆ ಬ್ರೇಕ್ ಎಣ್ಣೆಯ ಸಿಲಿಂಡರ್ ಸೋರಿ, ಡ್ರಮ್ಮನ್ನು ಒತ್ತಿ ಹಿಡಿಯಬೇಕಾದ ಬ್ರೇಕ್ ಶೂಗಳೆಲ್ಲ ಎಣ್ಣೆಯಲ್ಲಿ ನೆಂದಿದ್ದವು. ಕೇಬಲ್ ತನ್ನ ಕೊಳವೆಯೊಳಗೆ ತುಕ್ಕಿನಲ್ಲಿ ಕಚ್ಚಿಕೊಂಡಿತ್ತು. ಎಳೆದ ಎಳೆತ ಚಕ್ರಕ್ಕೆ ಮುಟ್ಟುತ್ತಲೇ ಇರಲಿಲ್ಲ.

ಸ್ಪ್ರಿಂಗು ಯಾವುದು ಎಲ್ಲಿ ಎಂದು ಫೋನಿನಲ್ಲಿ ಫೋಟೋ ತೆಗೆದುಕೊಂಡು, ಹಳೆಯ ಸಾಮಾನನ್ನು ಚೀಲಕ್ಕೆ ಹಾಕಿ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದಳು.

"ಮೆಕ್ಯಾನಿಕ್ ಕಳ್ಸಿದ್ನಾ ಮೇಡಂ?" ಅಂದ ಅಂಗಡಿಯವ.

"ಹೌದು" ಅಂದಳು. ವಾದಿಸುವ ತಾಳ್ಮೆ ಇರಲಿಲ್ಲ.

ಭಾನುವಾರ ಮಧ್ಯಾಹ್ನಕ್ಕೆ ಎರಡೂ ಕಡೆ ಹೊಸ ಶೂ, ಸಿಲಿಂಡರ್, ಕೇಬಲ್ ಕೂತವು. ಪೈಪಿನೊಳಗಿನ ಗಾಳಿ ತೆಗೆಯಲು ಪೆಡಲ್ ಒತ್ತುವವರು ಬೇಕಿತ್ತು. ಕಂಡಕ್ಟರನ್ನು ಕರೆದಳು. ಅವರು ಸೀಟಿನಲ್ಲಿ ಕೂತು ಪೆಡಲ್ ಒತ್ತಿ "ಹೋಲ್ಡಾನ್" ಅನ್ನುವರು. ಅವಳು ಚಕ್ರದ ಬಳಿ ಗಾಳಿ ಬಿಡುವ ನಿಪ್ಪಲ್ ಸಡಿಲಿಸಿ ಬಿಗಿದು "ರೈಟ್" ಅನ್ನುವಳು. ಗುಳ್ಳೆ ನಿಂತು ಬರಿ ಎಣ್ಣೆ ಬಂದಾಗ ಅವಳು ಕೈ ಒರೆಸಿಕೊಂಡಳು.

ಕಾರನ್ನು ತಾನೇ ಏರಿಗೆ ತಂದು ಹ್ಯಾಂಡ್‌ಬ್ರೇಕ್ ಎಳೆದಳು. ಐದು ಸಲ ಟಕ್ ಎಂದು ಕೂತಿತು. ಪೆಡಲಿನಿಂದ ಕಾಲು ತೆಗೆದಳು. ಕಾರು ಅಲ್ಲಾಡಲಿಲ್ಲ.

"ಭೇಷ್ ಕಣಮ್ಮಾ!" ಅಂದರು ಕಂಡಕ್ಟರ್.

ಅವಳಿಗೆ ಖುಷಿಯಾಗಲಿಲ್ಲ. "ಒಂದೂವರೆ ದಿನದ ಕೆಲ್ಸ ಅಣ್ಣಾ" ಅಂದಳು. "ಒಂದೂವರೆ ದಿನ." ಕಂಡಕ್ಟರ್ ಮನೆಗೆ ಹೋದರು.

ಸಂಜೆ ಬಂದ ಗಂಡ ಹ್ಯಾಂಡ್‌ಬ್ರೇಕನ್ನು ಎರಡು ಸಲ ಎಳೆದು ನೋಡಿದ. "ಯಾರ ಹತ್ರ ಮಾಡಿಸ್ದೆ?"

"ನಾನೇ ಮಾಡ್ದೆ."

ಅವನು ಒಳಗೆ ಹೋಗಿ ಟೀವಿ ಹಾಕಿದ.

ಎರಡು ತಿಂಗಳಿಗೆ ಆ ಕಾರು ಅಪಶಕುನ ಎಂದು ಅತ್ತೆ ಹಟ ಹಿಡಿದರು. ಕೊಳ್ಳಲು ಬಂದವನಿಗೆ ಗಂಡ ಬಾನೆಟ್ ತಟ್ಟಿ ಹೇಳಿದ: "ಹಿಂದಿನ ಬ್ರೇಕೆಲ್ಲ ಹೊಸದು. ನಾನೇ ಕೈಯಾರೆ ಹಾಕಿದ್ದು."

ಅವಳು ಬಾಗಿಲಲ್ಲೇ ನಿಂತಿದ್ದಳು. "ಹೊಸ ಕೇಬಲ್ ಎಳೆದೂ ಎಳೆದೂ ಸ್ವಲ್ಪ ಸಡಿಲ ಆಗಿರುತ್ತೆ" ಅಂದಳು. "ಒಂದ್ಸಲ ಬಿಗಿ ಮಾಡಿಸ್ಕೊಳ್ಳಿ."

ಕೊಳ್ಳುವವನು ಗಂಡನ ಕಡೆ ತಿರುಗಿ, "ಹೌದಾ ಸಾರ್?" ಎಂದ.

"ಹೌದೌದು. ಅದನ್ನೇ ಹೇಳೋಕೆ ಹೊರಟಿದ್ದೆ" ಅಂದ ಗಂಡ.

ಹೊಸ ಕಾರು ಬಂದು ವರ್ಷವಾಯಿತು. ಅತ್ತೆ ಕುಂಟುತ್ತಲೇ ಹತ್ತಿ ಮುಂದಿನ ಸೀಟಿನಲ್ಲಿ ಕೂರುತ್ತಾರೆ. ಅವಳು ಅದರಲ್ಲಿ ಇನ್ನೂ ಕಾಲಿಟ್ಟಿಲ್ಲ. ಯಾರಾದರೂ ಕರೆದರೆ, ಬಸ್ ಪಾಸ್ ಇದೆ ಅನ್ನುತ್ತಾಳೆ.