ಹಿಡಿಕೆ ಹಾಕುವ ಯಂಕಪ್ಪ

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಕಂಟ್ರಾಕ್ಟರ್ ಯಂಕಪ್ಪ ಸಿಂಗಸಂದ್ರದ ಮಂಜುಶ್ರೀಯ ಮನೆಯಲ್ಲಿ, ಬಚ್ಚಲಿಗೆ ಹೋಗುವ ದಾರಿಯ ಗೋಡೆಗೆ ಮೂಗು ತಾಗಿಸಿಕೊಂಡು ಕೊಳೆ ಹುಡುಕುತ್ತಿದ್ದ. ನಡೆಯಲು ಕಷ್ಟಪಡುವವರ ಮನೆಗಳಿಗೆ ಹಿಡಿಕೆ, ಇಳಿಜಾರು ಮಾಡಿಕೊಡುವುದು ಅವನ ಕಸುಬು. ಮುದುಕರು ಕೈಯೂರಿದ ಕಡೆ ಗೋಡೆ ಮಾಸಿರುತ್ತದೆ, ಹಿಡಿಕೆ ಅಲ್ಲಿಯೇ ಬರಬೇಕು ಎಂಬುದು ಅವನ ಸಿದ್ಧಾಂತ. ಅದಕ್ಕೇ ಫೋನಿನಲ್ಲಿ "ಗ್ವಾಡಿ ಒರಸಬ್ಯಾಡ್ರಿ" ಎಂದು ಮೂರು ಸಲ ಹೇಳುತ್ತಾನೆ. ಜನ ಮಾತ್ರ ಹೆಣ್ಣು ನೋಡಲು ಬರುವವರಿಗೆಂಬಂತೆ ಮನೆ ತೊಳೆದಿಡುತ್ತಾರೆ. ಮಂಜುಶ್ರೀಯಂತೂ ಹೊಸ ಪೇಂಟನ್ನೇ ಹೊಡೆಸಿದ್ದಳು. "ಉತ್ತರಪತ್ರಿಕಿ ತೊಳದಿಟ್ಟು ಮಾರ್ಕ್ಸ್ ಹಾಕು ಅಂದಂಗಾತ್ರಿ ಅಕ್ಕಾರ!" ಎಂದು ಯಂಕಪ್ಪ ಹಣೆ ಚಚ್ಚಿಕೊಂಡ. ಸೊಂಟ ಮುರಿದು ಮೂರು ತಿಂಗಳಾಗಿದ್ದ ಅವಳ ಅತ್ತೆ ಮರಿಯಮ್ಮನವರಿಗೆ ಬೇಕಾಗಿದ್ದುದು ಒಂದೇ: ಯಾರನ್ನೂ ಕರೆಯದೆ ಬಚ್ಚಲಿಗೆ ಹೋಗಿಬರುವುದು. ಯಂಕಪ್ಪ ಅಡುಗೆಮನೆಯಿಂದ ಅರಿಶಿನ ತರಿಸಿ ಅವರ ಅಂಗೈಗೆ ಬಳಿದ. "ಇದೇನಪ್ಪಾ, ಗೃಹಪ್ರವೇಶಾನಾ?" ಎಂದರು ಮರಿಯಮ್ಮ. "ಹೌದ್ರಿ ಅಮ್ಮಾರ, ಬಚ್ಚಲದ್ದು. ಒಬ್ಬರೇ ನಡೀರಿ." ಹಿಡಿಯಲು ಮುಂದಾದ ಸೊಸೆಯನ್ನು ಕಣ್ಣಲ್ಲೇ ತಡೆದ. ಮೂರನೆಯ ಹೆಜ್ಜೆಗೆ ಮರಿಯಮ್ಮ ಗೋಡೆಯತ್ತ ವಾಲಿದರು. ಹೊಸ ಪೇಂಟಿನ ಮೇಲೆ ಐದು ಹಳದಿ ಬೆರಳು ಮೂಡಿದವು, ಮಂಜುಶ್ರೀ ಕಣ್ಣು ಮುಚ್ಚಿಕೊಂಡಳು. ಯಂಕಪ್ಪ ಟೇಪು ಹಿಡಿದು ಆ ಗುರುತಿಗೆ ಸರಿಯಾಗಿ ಒಂದು, ಅದಕ್ಕಿಂತ ಕೆಳಗೆ ಇನ್ನೊಂದು ಹಿಡಿಕೆಗೆ ಗೆರೆ ಎಳೆದ. "ಕೆಳಗಿಂದು ಯಾಕೆ? ಮನೇಲಿ ಮಕ್ಕಳಿಲ್ವಲ್ಲ" ಎಂದಳು ಮಂಜುಶ್ರೀ. "ಮುಂದಿನ ವರ್ಷಗಳಿಗೆ ಬೇಕ್ರಿ" ಎಂದ, ಮರಿಯಮ್ಮನವರಿಗೆ ಕೇಳಿಸದಷ್ಟು ಮೆಲ್ಲಗೆ. "ನಮ್ಮವ್ವ ಒಂಬತ್ತು ವರ್ಷ ಗ್ವಾಡಿ ಹಿಡದು ಅಡ್ಡಾಡಿದ್ಲು. ಅಷ್ಟರಾಗ ಆಕಿ ಕೈಗುರುತು ಕೆಳಗಿಳದಿದ್ದು ನಾಕೂವರಿ ಇಂಚು."