ಬನಶಂಕರಿಯ ಹಿಮವೀಕ್ಷಕರು

ಕಳೆದ ಡಿಸೆಂಬರಿನ ಒಂದು ಭಾನುವಾರ, ಬೆಳಿಗ್ಗೆ ಆರೂವರೆಗೆ, ಬನಶಂಕರಿಯ ನಮ್ಮ ಮನೆಯ ತಾರಸಿಯಲ್ಲಿ ನೀರಿನ ಟ್ಯಾಂಕಿಗೆ ಒರಗಿ ನಿಂತಿದ್ದೆ. ಒದ್ದೆ ಸಿಮೆಂಟಿನ ವಾಸನೆ. ಹೊಸಕೆರೆಹಳ್ಳಿ ಕಡೆಯ ಕಟ್ಟಡಗಳನ್ನೆಲ್ಲ ಮಂಜು ಮುಚ್ಚಿತ್ತು. ಪಕ್ಕದ ಮನೆಯ ಅಂಕಲ್ ಏನನ್ನುತ್ತಾರೋ ಎಂದು ಅವರ ತಾರಸಿಯತ್ತ ತಿರುಗಿದೆ... ಅಲ್ಲಿ ಯಾರೂ ಇರಲಿಲ್ಲ.

ಅವರು ನಿವೃತ್ತ ಹವಾಮಾನ ವೀಕ್ಷಕರು. ಕಾಶ್ಮೀರದ ಬೆಟ್ಟದ ಮೇಲೆ ಹಲವು ಚಳಿಗಾಲ ಕಳೆದಿದ್ದರು. ಹಿಮ ಎಷ್ಟು ಜೋರಾಗಿ ಬೀಳುತ್ತಿದೆ ಎಂಬುದನ್ನು ನೆಲ ನೋಡಿ ಹೇಳುವುದಿಲ್ಲ, ಎಷ್ಟು ದೂರ ಕಾಣುತ್ತದೆ ಎಂಬುದರಿಂದ ಹೇಳುತ್ತಾರೆ ಎಂದು ನನಗೆ ತಿಳಿಸಿದ್ದು ಅವರೇ. ದೂರದ ಗುರುತು ಕಾಣುತ್ತಿದ್ದರೆ ಹಗುರ ಹಿಮ. ಅದು ಮುಚ್ಚಿ ನಡುವಿನದು ಉಳಿದರೆ ಸಾಧಾರಣ. ಅದೂ ಮುಚ್ಚಿದರೆ ಭಾರಿ.

ಇಲ್ಲಿ ಹಿಮವಿಲ್ಲ, ಆದರೂ ಅಭ್ಯಾಸ ಬಿಡಲಿಲ್ಲ. ರಸ್ತೆ ಕೊನೆಯ ಹೊಂಗೆಮರ, ಅದರಾಚೆ ಗುಡಿಯ ಗೋಪುರ, ಇನ್ನೂ ಆಚೆ ಒಂದು ಅಪಾರ್ಟ್‌ಮೆಂಟು, ಇವು ಅವರ ಗುರುತುಗಳು. ಒಂದು ವರ್ಷ ಅಪಾರ್ಟ್‌ಮೆಂಟು ಕಾಣುತ್ತಿಲ್ಲ ಎನ್ನತೊಡಗಿದರು. ಮೆಟ್ರೋ ಕೆಲಸದ ಧೂಳು ಎಂದರು. ಆಮೇಲೆ ಗೋಪುರವೂ ಮಸುಕಾಯಿತು.

ರಾತ್ರಿಯಿಡೀ ಮಳೆ ಸುರಿದು ಆಕಾಶ ತೊಳೆದಿಟ್ಟಂತಿದ್ದ ಒಂದು ಬೆಳಿಗ್ಗೆಯೂ ಅವರು ಮಬ್ಬು ಎಂದರು. ಬಟ್ಟೆ ಒಣಹಾಕುತ್ತಿದ್ದ ಅವರ ಹೆಂಡತಿ ನಕ್ಕರು.

"ಕಾಶ್ಮೀರನ ಇಲ್ಲಿಗೂ ಹೊತ್ಕೊಂಡು ಬಂದಿದಾರೆ ನೋಡಪ್ಪ."

ಅಂಕಲ್ ನಗಲಿಲ್ಲ. ಅನುಮಾನ ಬಂದರೆ ಇನ್ನೊಬ್ಬ ವೀಕ್ಷಕನನ್ನು ಕರೆದು ಕೇಳುವುದು ಅವರ ಕೇಂದ್ರದ ರೂಢಿಯಾಗಿತ್ತು. ನನ್ನನ್ನು ಕರೆದರು.

"ಏನೇನ್ ಕಾಣುತ್ತೆ ಹೇಳು. ನನ್ನ ಮುಖ ನೋಡ್ಬೇಡ, ಅಲ್ಲಿ ನೋಡು."

"ಗೋಪುರ ಕಾಣುತ್ತೆ ಅಂಕಲ್. ಅಪಾರ್ಟ್‌ಮೆಂಟೂ... ಬಾಲ್ಕನಿಲಿ ಬಟ್ಟೆ ಹಾಕಿದಾರೆ."

ಅಂಕಲ್ ತಾರಸಿಯ ಗೋಡೆ ಹಿಡಿದುಕೊಂಡರು. "ಹಾಗಾದ್ರೆ ಬೀಳ್ತಿರೋದು ನನ್ನ ಕಣ್ಣೊಳಗೇ," ಎಂದರು.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನರವೂ ಸೊರಗಿರುವ ಹಾಗಿದೆ, ದೃಷ್ಟಿ ಎಷ್ಟು ಮರಳೀತೋ ಈಗಲೇ ಹೇಳಲಾರೆ ಎಂದರು ಜಯನಗರದ ಡಾಕ್ಟರು. ಆಪರೇಷನ್ನಿನವರೆಗೆ ಅಂಕಲ್ ತಾರಸಿಗೆ ಬರಲಿಲ್ಲ.

ಮೊದಲ ಕಣ್ಣಿನ ಪಟ್ಟಿ ಬಿಚ್ಚಿದ ಮರುದಿನ ಆಂಟಿ ಅವರ ಕೈ ಹಿಡಿದು ಮೇಲೆ ಕರೆತಂದರು. ಅಂಕಲ್ ಹೊಂಗೆಮರ ನೋಡಿದರು. ಗೋಪುರ ನೋಡಿದರು. ಅದರಾಚೆ ನೋಡಲು ಹೆದರಿದರೋ ಏನೋ, ತಡೆದರು... ಕೊನೆಗೆ ನಿಧಾನವಾಗಿ ಹೇಳಿದರು.

"ಮೂರನೇ ಬಾಲ್ಕನಿ. ಕೆಂಪು ಸೀರೆ."

"ಇಷ್ಟೊತ್ತು ಪಕ್ಕದಲ್ಲೇ ನಿಂತಿದೀನಿ, ನಾನು ಯಾವ ಸೀರೆ ಉಟ್ಟಿದೀನಿ ಅಂತ ನೋಡ್ಲಿಲ್ಲ," ಎಂದರು ಆಂಟಿ.

ಅಂಕಲ್ ತಿರುಗಿದರು. ಕಪ್ಪು ಕನ್ನಡಕ ತೆಗೆದು ಅವರ ಮುಖವನ್ನೇ ನೋಡುತ್ತ ನಿಂತರು.

"ಕೂದಲು ಇಷ್ಟು ಬೆಳ್ಳಗಾಗಿದ್ದು ಯಾವಾಗ್ಲೇ?"

ಆಂಟಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ, ನಾನು ಖಚಿತವಾಗಿ ಹೇಳಲಾರೆ.

ಎರಡನೇ ಕಣ್ಣಿನ ಆಪರೇಷನ್ನೂ ಆಗಿ, ಅಂಕಲ್ ಇನ್ನೂ ಕೆಲವು ವರ್ಷ ಚೆನ್ನಾಗಿ ನೋಡಿದರು. ಆ ಡಿಸೆಂಬರಿಗೆ ಮುಂಚಿನ ಮಳೆಗಾಲದಲ್ಲಿ ತೀರಿಕೊಂಡರು. ಪಟ್ಟಿ ಬಿಚ್ಚಿದ ಮರುದಿನ ತಾರಸಿಯಲ್ಲಿ ಅವರ ಮುಖ ಬೆಳಗಿದ್ದನ್ನು ಕಂಡವರಲ್ಲಿ ನಾನಿದ್ದೇನೆ. ಆಂಟಿ ಇದ್ದಾರೆ, ಸಾರಕ್ಕಿಯ ಮಗಳ ಮನೆಯಲ್ಲಿ. ಮಗಳು ಎಷ್ಟು ಹೇಳಿದರೂ ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳುವುದಿಲ್ಲ.